ಫ್ಯಾಸೆಟ್ ಪಟ್ಟಿಗೆ ಎರಡನೇ ಪುಟ ಕೊಟ್ಟಿದ್ದು ಹೀಗೆ

ಹುಡುಕಾಟದ ಫಲಿತಾಂಶವನ್ನು ಪುಟಪುಟವಾಗಿ ಕೊಡುವುದು ಹಳೆಯ ಕೆಲಸ. ತಕರಾರು ಶುರುವಾಗುವುದು ಪಕ್ಕದಲ್ಲಿರುವ ಫ್ಯಾಸೆಟ್ ಪಟ್ಟಿಗೂ (ಲೇಖಕರಂಥ ಹೆಸರುಗಳನ್ನು ಎಣಿಕೆಯೊಂದಿಗೆ ತೋರಿಸಿ, ಟಿಕ್ ಹಾಕಿ ಫಲಿತಾಂಶ ಸೋಸಲು ಬಿಡುವ ಪಟ್ಟಿ) ಅದನ್ನೇ ಮಾಡಲು ಹೊರಟಾಗ. ನನ್ನ ಮುಂದಿದ್ದದ್ದು ಲೇಖನಗಳ ದೊಡ್ಡ ಸಂಗ್ರಹ, ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶದಲ್ಲಿ. ಲೇಖಕರ ಹೆಸರೇ ಸಾವಿರಗಟ್ಟಲೆ. ಬೇಡಿಕೆ ಮಾತ್ರ ಚಿಕ್ಕದು: ಹೆಚ್ಚು ಬರೆದವರು ಮೇಲೆ, ಮೊದಲು ಹತ್ತು ಹೆಸರು, ‘ಇನ್ನಷ್ಟು’ ಒತ್ತಿದರೆ ಮುಂದಿನ ಹತ್ತು.

ಯಾವ ಹೆಸರಿಗೆ ಎಷ್ಟು ಲೇಖನ ಎಂದು ಎಣಿಸಿಕೊಡುವ ಟರ್ಮ್ಸ್ ಅಗ್ರಿಗೇಶನ್‌ನಲ್ಲಿ ಎಷ್ಟು ಬೇಕೆಂದು ಹೇಳಲು ಸೈಜ್ ಇದೆ, ಎಲ್ಲಿಂದ ಶುರು ಎಂದು ಹೇಳಲು ಏನೂ ಇಲ್ಲ. ಹಾಗಾದರೆ ಸೈಜ್ 20 ಕೇಳಿ ಮೊದಲ ಹತ್ತನ್ನು ಕತ್ತರಿಸಿ ಬಿಸಾಡಿದರೆ ಆಯಿತಲ್ಲ ಎಂದು ಯಾರಿಗೂ ಹೊಳೆಯುತ್ತದೆ. ಇಂಡೆಕ್ಸ್ (ಹುಡುಕಲು ಅಣಿಗೊಳಿಸಿದ ಸಂಗ್ರಹ) ಒಂದೇ ಶಾರ್ಡ್‌ನಲ್ಲಿದ್ದರೆ, ಅಂದರೆ ಹಲವು ತುಂಡುಗಳಾಗಿ ಹಂಚಿರದಿದ್ದರೆ, ಆಗುತ್ತದೆ ಕೂಡ, ಎಣಿಕೆ ಅಲ್ಲಿ ನಿಖರ. ಏಳನೇ ಆವೃತ್ತಿಯಿಂದ ಹೊಸ ಇಂಡೆಕ್ಸ್‌ಗೆ ತಾನಾಗಿ ಸಿಗುವುದು ಒಂದೇ ಶಾರ್ಡ್ (ಅದಕ್ಕೂ ಮೊದಲು ಐದು). ಆದ್ದರಿಂದ ಯಾರಾದರೂ ಈ ವಿಷಯ ಕೇಳಿದರೆ ನಾನು ಮೊದಲು ಕೇಳುವುದು ಶಾರ್ಡ್ ಎಷ್ಟು ಅಂತ. ಡೇಟಾ ಒಂದರಲ್ಲಿ ಹಿಡಿಸುವಷ್ಟಿದ್ದರೆ ಮುಂದಿನ ಅರ್ಧ ತಲೆನೋವು ಇಲ್ಲವೇ ಇಲ್ಲ.

ನಮ್ಮಲ್ಲಿ ಮೂರು ಶಾರ್ಡ್. ಸೈಜ್ 10 ಎಂದರೆ ಪ್ರತಿ ಶಾರ್ಡ್ ತನ್ನ ಮೊದಲ 25 ಹೆಸರು ಕಳಿಸುತ್ತದೆ. ಕೇಳಿದ್ದರ ಒಂದೂವರೆ ಪಟ್ಟು, ಮೇಲೆ ಹತ್ತು, ಇದು ಶಾರ್ಡ್ ಸೈಜ್‌ನ ಡಿಫಾಲ್ಟ್ ಲೆಕ್ಕ. ಒಬ್ಬ ಲೇಖಕಿ ಮೊದಲ ಶಾರ್ಡ್‌ನಲ್ಲಿ 40, ಮೂರನೆಯದರಲ್ಲಿ 35 ಲೇಖನ ಬರೆದಿದ್ದಾರೆ ಅನ್ನಿ. ಎರಡನೆಯದರಲ್ಲಿ 18 ಇದ್ದರೂ ಅಲ್ಲಿ ಅವರದು 26ನೇ ಸ್ಥಾನ, ಹಾಗಾಗಿ ಆ 18 ಬರುವುದೇ ಇಲ್ಲ. ಒಟ್ಟು 75. ಹತ್ತನೆಯವರಿಗೆ 80 ಇದ್ದರೆ ಈಕೆ ಹನ್ನೊಂದನೆಯವರು, ಮೊದಲ ಪುಟದಲ್ಲಿ ಇಲ್ಲ. ಈಗ ಎರಡನೇ ಪುಟಕ್ಕೆ ಸೈಜ್ 20 ಕೇಳಿದಿರಿ. ಪ್ರತಿ ಶಾರ್ಡ್ 40 ಹೆಸರು ಕಳಿಸುತ್ತದೆ, ಬಿಟ್ಟುಹೋಗಿದ್ದ 18 ಸೇರಿ 93 ಆಗಿ ಈಕೆ ಮೊದಲ ಹತ್ತರೊಳಗೆ ಏರುತ್ತಾರೆ. ಆ ಹತ್ತನ್ನು ನಾವು ಕತ್ತರಿಸಿ ಬಿಸಾಡಿದ್ದೇವೆ! ಈಕೆ ಯಾವ ಪುಟದಲ್ಲೂ ಇಲ್ಲ, 80ರವರು ಎರಡೂ ಪುಟದಲ್ಲಿ.

ಎಣಿಸಿ ಬಂದ ಗುಂಪುಗಳನ್ನು (ಬಕೆಟ್) ಜೋಡಿಸುವ ಬಕೆಟ್ ಸಾರ್ಟ್ ಇದನ್ನು ಬಗೆಹರಿಸುವುದಿಲ್ಲ. ಅದರಲ್ಲಿ ಎಲ್ಲಿಂದ ಶುರು ಎಂದು ಹೇಳುವ ಫ್ರಮ್ ಇದೆ, ನಿಜ. ಆದರೆ ಅದು ಕೈಗೆ ಬಂದ ಬಕೆಟ್‌ಗಳನ್ನಷ್ಟೇ ಕತ್ತರಿಸುತ್ತದೆ, ಬಾರದೆ ಉಳಿದದ್ದನ್ನು ತರುವುದಿಲ್ಲ. ಸೋಲರ್ ಎಂಬ ಇನ್ನೊಂದು ಹುಡುಕಾಟದ ತಂತ್ರಾಂಶದಲ್ಲಿ ಎಷ್ಟು ಬಿಟ್ಟು ಶುರು ಎಂದು ಹೇಳುವ ಫ್ಯಾಸೆಟ್ ಆಫ್‌ಸೆಟ್ ಇದೆ, ಸಾಮಾನ್ಯ ಫೀಲ್ಡ್ ಫ್ಯಾಸೆಟ್‌ನಲ್ಲಿ ಆಯ್ಕೆಯಾದ ಹೆಸರುಗಳ ಎಣಿಕೆಯನ್ನು ಶಾರ್ಡ್‌ಗಳಿಗೆ ಮತ್ತೊಂದು ಸುತ್ತು ಹೋಗಿ ಸರಿಪಡಿಸಿಕೊಳ್ಳುತ್ತದೆ. ಅದರ ಇನ್ನೊಂದು ಬಗೆಯಾದ ಜೇಸನ್ ಫ್ಯಾಸೆಟ್‌ನಲ್ಲಾದರೆ ಈ ಎರಡನೇ ಸುತ್ತಿಗೆ ರಿಫೈನ್ ಎಂದು ನಾವೇ ಹೇಳಬೇಕು. ಹೇಳಿದರೂ ಮೊದಲ ಸುತ್ತಿನಲ್ಲಿ ಎಲ್ಲೂ ಕಾಣದ ಹೆಸರು ಎರಡನೇ ಸುತ್ತಿಗೆ ಬರುವುದಿಲ್ಲ.

ಕೊನೆಗೆ ನಾನು ಮಾಡಿದ್ದು ಎಣಿಕೆಯ ಕ್ರಮದಲ್ಲಿ ಪುಟ ಕೊಡುವುದನ್ನೇ ಕೈಬಿಟ್ಟದ್ದು. ಮೇಲೆ ಹತ್ತು ಹೆಸರು ಎಣಿಕೆಯ ಪ್ರಕಾರ, ಶಾರ್ಡ್ ಸೈಜ್ 500ಕ್ಕೆ ಏರಿಸಿ. ಪ್ರತಿ ಉತ್ತರದ ಜೊತೆ ಬರುವ ಎಣಿಕೆ ದೋಷದ ಗರಿಷ್ಠ ಮಿತಿಯನ್ನು ಲಾಗ್‌ಗೆ ಹಾಕಿದೆ; ಅದು ಸೊನ್ನೆಯ ಹತ್ತಿರವಿದ್ದರೆ ಮೇಲಿನ ಹತ್ತನ್ನು ನಂಬಬಹುದು. ‘ಎಲ್ಲ ಲೇಖಕರು’ ಒತ್ತಿದರೆ ತೆರೆಯುವುದು ಬೇರೆ ಪಟ್ಟಿ, ಅಕಾರಾದಿಯಲ್ಲಿ. ಅದರ ಹಿಂದಿರುವುದು ಎಲಾಸ್ಟಿಕ್‌ಸರ್ಚ್‌ನದೇ ಇನ್ನೊಂದು ಎಣಿಕೆಯ ವಿಧಾನ, ಕಾಂಪೊಸಿಟ್ ಅಗ್ರಿಗೇಶನ್. ಅದಕ್ಕೆ ಎಣಿಕೆಯ ಪ್ರಕಾರ ಜೋಡಿಸಲು ಬರುವುದಿಲ್ಲ, ಕೀಯ (ಇಲ್ಲಿ ಲೇಖಕರ ಹೆಸರಿನ) ಕ್ರಮ ಮಾತ್ರ. ಆದರೆ ಹಿಂದಿನ ಪುಟದ ಕೊನೆಯ ಕೀಯನ್ನು ಕೊಟ್ಟರೆ ಅಲ್ಲಿಂದ ಮುಂದಕ್ಕೆ ಒಂದೂ ತಪ್ಪದೆ ಕೊಡುತ್ತದೆ, ಎಣಿಕೆಯೂ ಸರಿಯಾಗಿರುತ್ತದೆ.

ಅಕಾರಾದಿ ಎಂದೆನಲ್ಲ, ಅಲ್ಲೂ ಒಂದು ತೊಡಕು. ಹೆಸರನ್ನು ಇಡಿಯಾಗಿ ಇಟ್ಟುಕೊಳ್ಳುವ ಕೀವರ್ಡ್ ಫೀಲ್ಡ್ ಜೋಡಿಸುವುದು ಯೂನಿಕೋಡ್ ಸಂಕೇತದ ಕ್ರಮದಲ್ಲಿ, ಅದರಲ್ಲಿ ಳಕಾರ ಲಕಾರದ ಬೆನ್ನಿಗೇ ಕೂತಿದೆ. ಹಾಗಾಗಿ ಕಲೆ, ಕಳೆ, ಕವಿತೆ, ಕಸ ಎಂದು ಬರುತ್ತದೆ. ನಿಘಂಟಿನಲ್ಲಿ ಕಳೆ ಹುಡುಕುವವರು ಕಹಿ ದಾಟಿದ ಮೇಲೆ ನೋಡುತ್ತಾರೆ. ಇಂಡೆಕ್ಸ್ ಮಾಡುವಾಗಲೇ ಭಾಷೆಗಳ ಜೋಡಣೆಯ ನಿಯಮಗಳಿರುವ ಐಸಿಯು ಲೈಬ್ರರಿಯಿಂದ ಕನ್ನಡದ ಕೊಲೇಶನ್ ಕೀ (ನಿಘಂಟಿನ ಕ್ರಮಕ್ಕೆ ತಕ್ಕ ಸಂಕೇತ) ಪಡೆದು, ಹೆಕ್ಸ್ ಅಂಕಿಗಳಲ್ಲಿ ಬರೆದು, ಹೆಸರಿಗಿಂತ ಮೊದಲು ಬರುವಂತೆ ಅಂಟಿಸಿ ಒಂದೇ ಫೀಲ್ಡ್‌ನಲ್ಲಿ ಇಟ್ಟೆ. ತೋರಿಸುವಾಗ ಮೊದಲಿನ ಆ ಭಾಗ ತೆಗೆದರಾಯಿತು. ನೋಡಲು ಚೆಂದವಿಲ್ಲ, ಕೆಲಸ ಮಾಡುತ್ತದೆ.

ಒಟ್ಟು ಎಷ್ಟು ಪುಟ ಎಂದು ತೋರಿಸುವುದಿಲ್ಲ. ಬೇರೆ ಬೇರೆ ಹೆಸರು ಒಟ್ಟು ಎಷ್ಟೆಂದು ಹೇಳುವ ಕಾರ್ಡಿನಾಲಿಟಿ ಕೊಡುವುದು ಹೈಪರ್‌ಲಾಗ್‌ಲಾಗ್ ಎಂಬ ಲೆಕ್ಕದ ವಿಧಾನದ ಅಂದಾಜು. ಡಿಫಾಲ್ಟ್‌ನಲ್ಲಿ 3,000ದವರೆಗೆ ಹೆಚ್ಚುಕಡಿಮೆ ಸರಿ, ಆಚೆಗೆ ಜಾರುತ್ತದೆ. ಅದನ್ನು ನಂಬಿ ಬರೆದ ಕೊನೆಯ ಪುಟ ಖಾಲಿ ಬಂದರೆ ಬೈಸಿಕೊಳ್ಳುವುದು ನಾವೇ. ಬೇಕಾದ್ದಕ್ಕಿಂತ ಒಂದು ಹೆಚ್ಚು ಕೇಳುತ್ತೇನೆ, ಅದು ಬಂದರೆ ‘ಇನ್ನಷ್ಟು’ ಇರುತ್ತದೆ.

ಬಳಕೆದಾರರು ಆರಿಸಿಕೊಂಡ ಹೆಸರಿಗೆ ಈ ಯಾವ ನಿಯಮವೂ ಇಲ್ಲ, ಎಣಿಕೆ ಸೊನ್ನೆಯಾದರೂ ಅದು ಪಟ್ಟಿಯ ತಲೆಯಲ್ಲೇ ಇರಬೇಕು. ಇಲ್ಲದಿದ್ದರೆ ಟಿಕ್ ತೆಗೆಯಲು ಜಾಗವೇ ಸಿಗದು. ಟಿಕ್ ಬದಲಾದ ಕೂಡಲೇ ಫಲಿತಾಂಶ ಮೊದಲ ಪುಟಕ್ಕೆ ಮರಳಬೇಕು, ಕಾಂಪೊಸಿಟ್‌ನ ಹಳೆಯ ಕೀಯನ್ನೂ ಎಸೆಯಬೇಕು. ಫಲಿತಾಂಶದ ಪುಟಗಳಿಗೆ ಹಿಂದಿನ ಪುಟದ ಕೊನೆಯ ಲೇಖನದಿಂದ ಮುಂದುವರಿಸುವ ಸರ್ಚ್ ಆಫ್ಟರ್ ಬಳಸಿದೆ, ಸಾಮಾನ್ಯ ಪುಟವಿಧಾನಕ್ಕಿರುವ 10,000 ಫಲಿತಾಂಶದ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಬೇಡವೆಂದು. ಸಾರ್ಟ್‌ನ ಕೊನೆಗೆ ಲೇಖನದ ಐಡಿ ಇರಲೇಬೇಕು, ಒಂದೇ ದಿನಾಂಕದ ಲೇಖನಗಳು ಪುಟದ ಅಂಚಿನಲ್ಲಿ ಕಳೆದುಹೋಗದಿರಲು.