ಧಾರವಾಡದಲ್ಲಿ ಓದುವ ಮಕ್ಕಳಿಗೆ ರೂಮು ಕಟ್ಟಿಸಿ ಬಾಡಿಗೆ ಕೊಡುವವರು ಮೊದಲು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡುವ ಸಲುವಾಗಿಯೇ ಸಾಲ ಮಾಡಿ ಹೊಸ ಮನೆ ಕೊಳ್ಳಬೇಡಿ. ನಿಮ್ಮದೇ ಮನೆ ಇದೆಯಾ, ಅದರ ಮೇಲೆ ಜಾಗ ಇದೆಯಾ, ಅಲ್ಲಿ ನಾಲ್ಕು ರೂಮು ಕಟ್ಟಿಸಿ. ಎರಡಕ್ಕೂ ಅಜಗಜಾಂತರ ವ್ಯತ್ಯಾಸ ಇದೆ. ಹೇಗೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಅಷ್ಟೇ, ನಿಮ್ಮ ಓಣಿಯ ದರ ಹಾಕಿಕೊಂಡು ನೀವೇ ಒಮ್ಮೆ ಮಾಡಿ ನೋಡಿ.

50 ಲಕ್ಷದ ಹಳೆ ಮನೆ ಕೊಂಡಿರಿ ಅಂದುಕೊಳ್ಳೋಣ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಎಲ್ಲ ಸೇರಿ 7.6%, ಅಂದರೆ 3 ಲಕ್ಷ 80 ಸಾವಿರ ಅಲ್ಲೇ ಹೋಯಿತು. ರಿಪೇರಿ, ಮಂಚ, ಫ್ಯಾನು, ಬಣ್ಣ ಅಂತ ಇನ್ನೊಂದು 3 ಲಕ್ಷ. ಆರು ರೂಮು, ರೂಮಿಗೆ ಇಬ್ಬರು, ತಲೆಗೆ 2,500 ಹಿಡಿದರೆ ತಿಂಗಳಿಗೆ 30,000. ವರ್ಷಕ್ಕೆ 12 ತಿಂಗಳು ಎಣಿಸಬೇಡಿ, ಬೇಸಿಗೆ ರಜೆ ಬಿಟ್ಟು 10 ತಿಂಗಳು ಎಣಿಸಿ. 3 ಲಕ್ಷ ಬಂತು. ಅದರಲ್ಲಿ ಮನೆ ತೆರಿಗೆ, ಟ್ಯಾಂಕರ್ ನೀರು, ಮೋಟಾರ್ ರಿಪೇರಿಗೆ 50,000 ತೆಗೆಯಿರಿ. ಕೈಗೆ ಉಳಿಯುವುದು ಎರಡೂವರೆ ಲಕ್ಷ. ಹಾಕಿದ ದುಡ್ಡಿಗೆ ವರ್ಷಕ್ಕೆ 4.4% ಆಯಿತು. ಇನ್ನು ಅದೇ ಮನೆಗೆ 40 ಲಕ್ಷ ಸಾಲ ಮಾಡಿದ್ದರೆ, 8.5% ಬಡ್ಡಿಗೆ 20 ವರ್ಷದ ಕಂತು ಸುಮಾರು 34,700 ಬರುತ್ತದೆ. ಮನೆ ಪೂರ್ತಿ ತುಂಬಿದ ತಿಂಗಳಲ್ಲೂ ಬಾಡಿಗೆಯಿಂದ ಕಂತು ಕಟ್ಟಲು ಆಗುವುದಿಲ್ಲ.

ಈಗ ಇರುವ ಮನೆಯ ಮಾಳಿಗೆ ಮೇಲೆ 700 ಚದರ ಅಡಿ ಕಟ್ಟಿಸಿದಿರಿ ಅನ್ನಿ. ಅಡಿಗೆ 2,000 ಅಂದರೆ 14 ಲಕ್ಷ. ನಾಲ್ಕು ರೂಮು, ಎರಡು ಬಚ್ಚಲು, ಎಂಟು ಜನ. 20,000ದಂತೆ 10 ತಿಂಗಳಿಗೆ 2 ಲಕ್ಷ, ಖರ್ಚು 30,000 ಕಳೆದರೆ 1 ಲಕ್ಷ 70 ಸಾವಿರ. ಇದು 12% ದಾಟುತ್ತದೆ. ಜಾಗದ ದುಡ್ಡು ಮೊದಲೇ ಮುಗಿದಿರುವುದರಿಂದ ಹೀಗಾಗುತ್ತದೆ, ಬೇರೇನೂ ಕಾರಣ ಇಲ್ಲ. ಆದರೆ ಕಟ್ಟುವ ಮುಂಚೆ ಒಬ್ಬ ಇಂಜಿನಿಯರ್ ಕರೆಸಿ ಪಾಯ, ಪಿಲ್ಲರ್ ತೋರಿಸಿ. ಮಹಾನಗರ ಪಾಲಿಕೆಯಿಂದ ಪರವಾನಗಿ ತೆಗೆದುಕೊಳ್ಳಿ. ಗವಂಡಿ (ಮೇಸ್ತ್ರಿ) "ಏನೂ ಆಗಂಗಿಲ್ರೀ, ಗಟ್ಟಿ ಐತಿ" ಅಂದ ಮಾತಿನ ಮೇಲೆ ಎಂಟು ಮಕ್ಕಳನ್ನು ಮಾಳಿಗೆ ಮೇಲೆ ಮಲಗಿಸಬೇಡಿ.

ಎಲ್ಲಿ?

ದೊಡ್ಡ ಸಂಸ್ಥೆ ಬಂತು, ಪಕ್ಕದಲ್ಲಿ ಜಾಗ ಹಿಡಿದರೆ ಬಾಡಿಗೆ ಸುರಿಯುತ್ತದೆ ಅಂತ ಬಹಳ ಜನ ನಂಬುತ್ತಾರೆ. ಐಐಟಿ ಧಾರವಾಡದ ಸ್ವಂತ ಕ್ಯಾಂಪಸ್ ಚಿಕ್ಕಮಲ್ಲಿಗವಾಡದಲ್ಲಿ 2023ರಲ್ಲಿ ಉದ್ಘಾಟನೆ ಆಯಿತು. ಆದರೆ ಅಲ್ಲಿಯ ಮಕ್ಕಳು ಒಳಗೇ ಹಾಸ್ಟೆಲ್‌ನಲ್ಲಿ ಇರುತ್ತಾರೆ, ಅವರು ನಿಮ್ಮ ರೂಮಿಗೆ ಬರುವವರಲ್ಲ. ಸಂಸ್ಥೆಯ ಹೆಸರು ನೋಡಬೇಡಿ, ಅದರ ಹಾಸ್ಟೆಲ್‌ನಲ್ಲಿ ಎಷ್ಟು ಜನಕ್ಕೆ ಜಾಗ ಸಿಗುವುದಿಲ್ಲ ಅನ್ನುವುದನ್ನು ನೋಡಿ.

ನಮ್ಮಲ್ಲಿ ನಿಜವಾಗಿ ರೂಮು ಹುಡುಕುವವರು ಮೂರು ತರಹದವರು. ಕರ್ನಾಟಕ ಕಾಲೇಜು, ಕಿಟೆಲ್ ಕಾಲೇಜು ಅಂತ ಡಿಗ್ರಿ ಓದಲು ಬರುವ ಹಳ್ಳಿ ಮಕ್ಕಳು ಒಂದು ಕಡೆ. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ., ಎಂ.ಎಸ್ಸಿ. ಮಾಡುತ್ತಾ ಹಾಸ್ಟೆಲ್ ಸಿಗದವರು ಇನ್ನೊಂದು ಕಡೆ. ಮೂರನೆಯವರು ಸಪ್ತಾಪುರದ ಸುತ್ತ ಕೋಚಿಂಗ್ ಸೇರಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಕೂತವರು. ಈ ಮೂರನೆಯವರು ಬೇಸಿಗೆ ರಜೆಗೆ ಊರಿಗೆ ಹೋಗುವುದಿಲ್ಲ, ಗಲಾಟೆ ಕಡಿಮೆ, ಎರಡು ಮೂರು ವರ್ಷ ಇರುತ್ತಾರೆ. ಆದರೆ ನೇಮಕಾತಿ ಅಧಿಸೂಚನೆ ತಡವಾದರೆ ಅವರ ಕೈಯಲ್ಲಿ ದುಡ್ಡು ಮುಗಿಯುತ್ತದೆ. ಮನೆಯಿಂದ ಒತ್ತಡ ಬರುತ್ತದೆ, ಒಂದು ದಿನ ಗಂಟುಮೂಟೆ ಕಟ್ಟುತ್ತಾರೆ.

ಕಾಲೇಜಿಗೋ ಕೋಚಿಂಗಿಗೋ 15 ನಿಮಿಷ ನಡೆದರೆ ಮುಟ್ಟಬೇಕು, ಅಥವಾ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣ ಹತ್ತಿರ ಇರಬೇಕು. ಅದಕ್ಕಿಂತ ದೂರ ಇದ್ದರೆ ಬಾಡಿಗೆ ಕಡಿಮೆ ಇಟ್ಟರೂ ರೂಮು ತುಂಬುವುದು ಕಷ್ಟ. ಹತ್ತಿರ ಒಂದು ಖಾನಾವಳಿ ಇದ್ದರಂತೂ ಬಹಳ ಒಳ್ಳೆಯದು.

ನೀರು, ಬಚ್ಚಲು, ಬಿಸಿಲು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಅನುಭವದಲ್ಲಿ ಹುಡುಗರು ಬಾಡಿಗೆ ಜಾಸ್ತಿ ಅಂತ ರೂಮು ಬಿಟ್ಟದ್ದು ಕಡಿಮೆ, ನೀರಿಲ್ಲ ಅಂತ ಬಿಟ್ಟದ್ದೇ ಹೆಚ್ಚು. ಮಲಪ್ರಭೆಯ ನೀರು ಎಲ್ಲ ಬಡಾವಣೆಗೂ ದಿನಾ ಬರುವುದಿಲ್ಲ ಅನ್ನುವುದು ಧಾರವಾಡದವರಿಗೆ ಹೇಳಬೇಕಾಗಿಲ್ಲ. ಒಬ್ಬ ಹುಡುಗನಿಗೆ ಸ್ನಾನ, ಬಟ್ಟೆ, ಸಂಡಾಸು ಎಲ್ಲ ಸೇರಿ ದಿನಕ್ಕೆ 100 ಲೀಟರ್ ಹಿಡಿಯಿರಿ. ಎಂಟು ಜನಕ್ಕೆ 800. ನಿಮ್ಮ ಓಣಿಗೆ ಐದು ದಿನಕ್ಕೊಮ್ಮೆ ನೀರು ಬಂದರೆ 4,000 ಲೀಟರ್ ಅವರಿಗೇ ಬೇಕು. ಅಷ್ಟು ಹಿಡಿಯುವ ಸಂಪು ಇಲ್ಲದೆ ಮೇಲೆ ರೂಮು ಕಟ್ಟಿಸಬೇಡಿ. ಮೊದಲು ಸಂಪು, ಆಮೇಲೆ ರೂಮು.

ಬಚ್ಚಲಿನ ವಿಷಯದಲ್ಲಿ ನಾನು ದುಡ್ಡು ಕಳೆದುಕೊಂಡಿದ್ದೇನೆ. ಮೊದಲ ಸಲ ಕಟ್ಟಿಸಿದಾಗ ಬಚ್ಚಲಿನ ನೆಲಕ್ಕೆ ಸರಿಯಾದ ಇಳಿಜಾರು ಇರಲಿಲ್ಲ, ಕೆಳಗೆ ವಾಟರ್‌ಪ್ರೂಫಿಂಗ್ ಸಹ ಸರಿಯಾಗಿ ಮಾಡಿರಲಿಲ್ಲ, ಎರಡನೇ ಮಳೆಗಾಲಕ್ಕೆ ನಮ್ಮ ಅಡುಗೆಮನೆ ಗೋಡೆಯ ಗಿಲಾವು ಉಬ್ಬಿ ಕಳಚಿ ಬಿತ್ತು, ಟೈಲ್ಸ್ ಎಲ್ಲ ಕಿತ್ತು ಮತ್ತೆ ಮಾಡಿಸುವಷ್ಟರಲ್ಲಿ ಆರು ತಿಂಗಳ ಬಾಡಿಗೆ ಹೋಯಿತು. ಅದಕ್ಕೇ ಹೇಳುವುದು, ಟೈಲ್ಸ್ ಹಾಕುವ ಮುಂಚೆ ಬಚ್ಚಲಿನಲ್ಲಿ ನೀರು ಕಟ್ಟಿ ಎರಡು ದಿನ ಬಿಡಿ. ಕೆಳಗಿನ ಮಾಳಿಗೆ ಒಣಗಿದ್ದರೆ ಮಾತ್ರ ಮುಂದಿನ ಕೆಲಸ. ನಾಲ್ಕು ಜನಕ್ಕೆ ಒಂದು ಬಚ್ಚಲು, ಸಂಡಾಸು ಬೇರೆ. ಬೆಳಿಗ್ಗೆ ಎಲ್ಲರಿಗೂ ಒಂದೇ ಹೊತ್ತಿಗೆ ಕ್ಲಾಸು ಇರುತ್ತದೆ ಅಲ್ವಾ?

ಧಾರವಾಡದ ಮಳೆ ಜೂನ್‌ನಿಂದ ಹಿಡಿದರೆ ಬಟ್ಟೆ ಒಣಗುವುದೇ ಇಲ್ಲ. ಮೇಲೆ ಒಂದು ಕಡೆ ಶೀಟು ಹಾಕಿ ಹಗ್ಗ ಕಟ್ಟಿಕೊಡಿ. ಇದಕ್ಕೆ ಹತ್ತು ಹದಿನೈದು ಸಾವಿರ ಆಗಬಹುದು. ಇಲ್ಲದಿದ್ದರೆ ಹಸಿ ಬಟ್ಟೆಯನ್ನು ರೂಮಿನಲ್ಲೇ ಒಣಹಾಕುತ್ತಾರೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮಕ್ಕಳಿಗೆ ಕೆಮ್ಮು. ಪ್ರತಿ ರೂಮಿಗೂ ಗಾಳಿ ಆಡುವ ಕಿಟಕಿ ಬೇಕು. ಒಂದು ರೂಮಿಗೆ ಇಬ್ಬರೇ ಇರಲಿ. ಹತ್ತು ಹನ್ನೆರಡು ಅಡಿ ರೂಮಿನಲ್ಲಿ ನಾಲ್ಕು ಜನರನ್ನು ತುಂಬಿಸಿ ದುಡ್ಡು ಎಣಿಸುವವರನ್ನು ನೋಡಿದ್ದೇನೆ. ಅಲ್ಲಿ ಯಾರು ಹೇಗೆ ಓದಬೇಕು?

ಕರೆಂಟಿಗೆ ರೂಮಿಗೊಂದು ಸಬ್ ಮೀಟರ್ ಹಾಕಿಸಿ. ಹೆಸ್ಕಾಂ ಬಿಲ್ಲಿನ ದರಕ್ಕಿಂತ ಒಂದು ಪೈಸೆ ಜಾಸ್ತಿ ತೆಗೆದುಕೊಳ್ಳಬೇಡಿ. ಅಡುಗೆಮನೆ ಇರುವ ಬೇರೆ ಮನೆ ತರಹ ಕಟ್ಟಿಸಿ ಬೇರೆ ಮೀಟರ್ ತೆಗೆಸಿದ್ದರೆ, ಬಾಡಿಗೆದಾರರು ಕರಾರು ಪತ್ರ ತೋರಿಸಿ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಆ ಅನುಕೂಲ ಅವರಿಗೆ ಸಿಗಲಿ.

ಖಾಲಿ ತಿಂಗಳು

ಸರ್ಕಾರಿ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಪಟ್ಟಿ ಕಾಲೇಜು ಶುರುವಾದ ಮೇಲೆ ಬರುತ್ತದೆ. ನಿಮ್ಮ ರೂಮಿಗೆ ಬಂದ ಹುಡುಗನಿಗೆ ಎರಡು ತಿಂಗಳಾದ ಮೇಲೆ ಅಲ್ಲಿ ಸೀಟು ಸಿಗಬಹುದು. ಬಡವರ ಮನೆಯ ಹುಡುಗ ಹೋಗಲೇಬೇಕು, ತಡೆಯಬೇಡಿ. ಅದಕ್ಕೇ ಸೇರುವಾಗಲೇ ಕೇಳಿ: ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೀಯಾ? ಹಾಕಿದ್ದರೆ ಆ ಮಂಚಕ್ಕೆ ಕಾಯುತ್ತಿರುವ ಇನ್ನೊಬ್ಬರ ನಂಬರ್ ಬರೆದಿಟ್ಟುಕೊಳ್ಳಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ವರ್ಷಕ್ಕೆ 10 ತಿಂಗಳ ನೆರವು ಇದೆ. ಅದು ಗೊತ್ತಿಲ್ಲದ ಮಕ್ಕಳಿಗೆ ನೀವೇ ಹೇಳಿ.

ಬೇಸಿಗೆ ರಜೆಯಲ್ಲಿ ಪೂರ್ತಿ ಬಾಡಿಗೆ ಕೇಳಿದರೆ ಸಾಮಾನು ಎತ್ತಿಕೊಂಡು ಹೋಗಿಬಿಡುತ್ತಾರೆ, ಮತ್ತೆ ಬರುವುದಿಲ್ಲ. ನಾನು ಆ ಎರಡು ತಿಂಗಳು ಅರ್ಧ ತೆಗೆದುಕೊಂಡು ರೂಮು ಹಿಡಿದಿಡುತ್ತೇನೆ. ಬಣ್ಣ, ರಿಪೇರಿ ಏನಿದ್ದರೂ ಆಗಲೇ ಮಾಡಿಸುತ್ತೇನೆ.

ಕರಾರು ಯಾರ ಜೊತೆ?

ಒಮ್ಮೆ ಐದು ಜನ ಹುಡುಗರು ಸೇರಿ ಬಂದರು. ಒಬ್ಬನ ಹೆಸರಿನಲ್ಲಿ ಪತ್ರ ಮಾಡಿ ಮೇಲಿನದೆಲ್ಲ ಅವರಿಗೇ ಕೊಟ್ಟೆ. ಪರೀಕ್ಷೆ ಮುಂದಕ್ಕೆ ಹೋಯಿತು, ದೀಪಾವಳಿಗೆ ಊರಿಗೆ ಹೋದ ಇಬ್ಬರು ತಿರುಗಿ ಬರಲೇ ಇಲ್ಲ. ಸಹಿ ಮಾಡಿದ ಹುಡುಗನ ಮೇಲೆ ಐದು ಜನರ ಬಾಡಿಗೆ ಬಿತ್ತು. ಅವನ ಮುಖ ನೋಡಿ ಕೇಳಲು ಮನಸ್ಸಾಗಲಿಲ್ಲ. ಅಂದಿನಿಂದ ಒಬ್ಬೊಬ್ಬರಿಗೆ ಒಂದೊಂದು ಪತ್ರ. 11 ತಿಂಗಳಿಗೆ, ಸ್ಟ್ಯಾಂಪ್ ಪೇಪರ್ ಮೇಲೆ. ಬಾಡಿಗೆ ಎಷ್ಟು, ಯಾವ ತಾರೀಖು, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಡಿಪಾಸಿಟ್‌ನಲ್ಲಿ ಏನು ಹಿಡಿಯುತ್ತೀರಿ, ಇಷ್ಟು ಕನ್ನಡದಲ್ಲೇ ಬರೆಯಿಸಿ. ಪಿಯುಸಿ ಓದುವ, 18 ತುಂಬದ ಮಕ್ಕಳ ಸಹಿಗೆ ಬೆಲೆ ಇಲ್ಲ, ಅಪ್ಪನೋ ಅವ್ವನೋ ಸಹಿ ಮಾಡಬೇಕು. ಆಧಾರ್ ಪ್ರತಿ, ಕಾಲೇಜಿನ ಐಡಿ, ಮನೆಯವರ ಫೋನ್ ನಂಬರ್ ಇರಲಿ. ವಿದೇಶಿ ವಿದ್ಯಾರ್ಥಿಗೆ ಕೊಟ್ಟರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು, ಅದನ್ನು ಮರೆಯಬೇಡಿ.

18 ತುಂಬಿದವನೇ ಸಹಿ ಮಾಡಿದರೂ ದುಡ್ಡು ಕೊಡುವವರು ಹಳ್ಳಿಯಲ್ಲಿದ್ದಾರೆ. ಅವರನ್ನು ಒಮ್ಮೆ ಮನೆಗೆ ಕರೆಸಿ, ಚಹಾ ಕೊಟ್ಟು ರೂಮು ತೋರಿಸಿ. ನವಲಗುಂದ, ಸವದತ್ತಿ ಕಡೆಯ ರೈತನಿಗೆ ತಿಂಗಳ ಸಂಬಳ ಇರುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೆಸರುಕಾಳು ಮಾರಿದಾಗ ಒಂದಿಷ್ಟು, ಹತ್ತಿ ಬಿಡಿಸಿದಾಗ ಒಂದಿಷ್ಟು, ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕಡಲೆ ಬಂದಾಗ ಒಂದಿಷ್ಟು. ನಾನು ಅಂಥವರಿಗೆ ಸುಗ್ಗಿ ನೋಡಿಕೊಂಡು ಮೂರು ಕಂತಿನಲ್ಲಿ ಕೊಡಿ ಅನ್ನುತ್ತೇನೆ. ಪ್ರತಿ ತಿಂಗಳು 5ನೇ ತಾರೀಖು ಅಂತ ಹಟ ಹಿಡಿದಾಗ ಬಾಕಿ ಉಳಿಯುತ್ತಿತ್ತು, ಹೀಗೆ ಮಾಡಿದ ಮೇಲೆ ಉಳಿದಿಲ್ಲ. ಬುತ್ತಿ ಗಂಟನ್ನು ಬಸ್ಸಿಗೆ ಹಾಕಿ ಮಗನಿಗೆ ರೊಟ್ಟಿ ಕಳಿಸುವ ಮನೆಯವರು ಬಾಡಿಗೆ ಮುಳುಗಿಸುವವರಲ್ಲ.

ಇನ್ನೊಂದು ಮಾತು. ರೂಮು ಕೇಳಲು ಬಂದವರಿಗೆ "ಯಾರ ಪೈಕಿ?" ಅಂತ ಕೇಳುವ ಮನೆಗಳು ಇನ್ನೂ ಇವೆ. ಬಿಸಿಲಿನಲ್ಲಿ ಓಣಿ ಓಣಿ ಅಲೆದು ಬಂದ ಹುಡುಗಿಯನ್ನು ಜಾತಿ ಕೇಳಿ ವಾಪಸ್ ಕಳಿಸುವುದು ತಪ್ಪು. ದಯವಿಟ್ಟು ಮಾಡಬೇಡಿ. ಯಾವ ಕಾಲೇಜು, ಯಾವ ವರ್ಷ, ಅಷ್ಟು ಸಾಕು. ಹುಡುಗಿಯರಿಗೆ ಕೊಡುವುದಾದರೆ ಮೆಟ್ಟಿಲು ಬೇರೆ ಇರಲಿ, ಗೇಟಿಗೆ ದೀಪ ಇರಲಿ, ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ ಇರಲಿ. ಕ್ಯಾಮೆರಾ ಗೇಟಿಗೆ ಮಾತ್ರ.

ಕಾಗದ, ತೆರಿಗೆ

ಅಷ್ಟು ಹೇಳಿದರೂ ಕೊಳ್ಳುತ್ತೇನೆ ಅನ್ನುವವರು ಗುಂಟಾ ಪ್ಲಾಟಿನ (ಮಂಜೂರಾತಿ ಇಲ್ಲದೆ ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ ಜಾಗ) ಮೇಲೆ ಕಟ್ಟಿದ ಮನೆಗೆ ಕೈ ಹಾಕಬೇಡಿ. ಎನ್.ಎ. (ಕೃಷಿಯೇತರ ಜಮೀನು) ಆಗಿದೆಯಾ, ಲೇಔಟ್ ಮಂಜೂರಾಗಿದೆಯಾ, ಇ-ಖಾತೆ ಇದೆಯಾ ನೋಡಿ. ಹಳೆ ಧಾರವಾಡದ ಭಾಗವಾದರೆ ಸಿಟಿ ಸರ್ವೆ ಉತಾರ (ಆಸ್ತಿಯ ದಾಖಲೆ) ತೆಗೆಸಿ. ಆಸ್ತಿ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ತೆಗೆಯಬಹುದು. ಎಲ್ಲವನ್ನೂ ಒಬ್ಬ ವಕೀಲರಿಗೆ ತೋರಿಸಿದ ಮೇಲೆಯೇ ಮುಂಗಡ ಕೊಡಿ.

ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ತೆರಿಗೆ ಕಳೆದು, ಉಳಿದದ್ದರಲ್ಲಿ 30% ರಿಪೇರಿಗೆಂದು ಬಿಟ್ಟು ಮಿಕ್ಕಿದ್ದಕ್ಕೆ ಆದಾಯ ತೆರಿಗೆ ಲೆಕ್ಕ ಹಾಕುತ್ತಾರೆ. ಮನೆ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ. ಊಟ ತಿಂಡಿ ಕೊಟ್ಟು ಪಿ.ಜಿ. ನಡೆಸಿದರೆ ಅದು ವ್ಯಾಪಾರದ ಲೆಕ್ಕಕ್ಕೆ ಹೋಗುತ್ತದೆ, ಲೈಸೆನ್ಸು ಬೇಕು, ಅದರ ದಾರಿಯೇ ಬೇರೆ. ಜಿಎಸ್‌ಟಿ ಅಂತ ಯಾರಾದರೂ ಹೆದರಿಸಿದರೆ, ತಲೆಗೆ ತಿಂಗಳಿಗೆ 20,000 ಮೀರದ, 90 ದಿನಕ್ಕೆ ಕಡಿಮೆ ಇಲ್ಲದ ವಸತಿಗೆ 2024ರ ಜುಲೈನಿಂದ ವಿನಾಯಿತಿ ಇದೆ ಅಂತ ಹೇಳಿ.

ಡಿಪಾಸಿಟ್ ಎರಡು ತಿಂಗಳಿನದು ಸಾಕು. ಹುಡುಗ ಬಿಡುವ ದಿನ ರೂಮಿನಲ್ಲಿ ಇಬ್ಬರೂ ನಿಂತು ನೋಡಿ, ಒಡೆದದ್ದು ಇದ್ದರೆ ಅದರ ದುಡ್ಡು ಮಾತ್ರ ಹಿಡಿದು ಉಳಿದದ್ದನ್ನು ಅಲ್ಲೇ ಫೋನ್‌ಪೇ ಮಾಡಿಬಿಡಿ. ಆಮೇಲೆ ಅವನಿಗೇ ಕೇಳಿ, ನಿಮ್ಮೂರಿನಿಂದ ಈ ವರ್ಷ ಯಾರು ಧಾರವಾಡಕ್ಕೆ ಬರುತ್ತಿದ್ದಾರೆ ಅಂತ. ಕಳೆದ ನಾಲ್ಕು ವರ್ಷದಿಂದ ನಮ್ಮ ಮನೆಗೆ ಟು-ಲೆಟ್ ಬೋರ್ಡ್ ಹಾಕಿಲ್ಲ.