ಟೂ ಮೆನಿ ಓಪನ್ ಫೈಲ್ಸ್: ಹೊಸ ಮಷೀನ್ ತರದೇ ಬಿಡಿಸಿದ್ದು

2022ರ ದಸರಾ. ಆಯುಧಪೂಜೆಯ ಹಿಂದಿನ ರಾತ್ರಿ ಹನ್ನೊಂದೂವರೆಗೆ ನಮ್ಮ ನಾಲ್ಕನೇ ನೋಡ್, ಅಂದರೆ ಲಾಗ್ ಇಡುವ ಆರು ಸರ್ವರ್‌ಗಳಲ್ಲಿ ಒಂದು, ಬಿತ್ತು. ಲಾಗ್ ತುಂಬಾ ಒಂದೇ ಸಾಲು, ‘ಟೂ ಮೆನಿ ಓಪನ್ ಫೈಲ್ಸ್’. ಅಂದರೆ ಒಂದು ಪ್ರೋಗ್ರಾಂ ಒಟ್ಟಿಗೆ ತೆರೆದಿಡಬಹುದಾದ ಫೈಲ್‌ಗಳ ಮಿತಿ ಮುಗಿದಿದೆ. ಸ್ವಲ್ಪ ಹೊತ್ತಿಗೆ ಎರಡನೇ ನೋಡ್ ಕೂಡ ಮಲಗಿತು. ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರೂ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ಬೂದುಗುಂಬಳ ಒಡೆಯುವಾಗ ನಾನು ಕೆಂಪು ಕಣ್ಣು ಬಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದೆ. ಕ್ಲೌಡ್‌ನಲ್ಲಿರುವ ಸರ್ವರ್‌ಗೆ ಕುಂಕುಮ ಎಲ್ಲಿ ಹಚ್ಚೋದು?

ನಮ್ಮದು ಎಲಾಸ್ಟಿಕ್‌ಸರ್ಚ್ 7.17, ರಾಶಿ ಡೇಟಾದಲ್ಲಿ ಬೇಕಾದ್ದನ್ನು ಹುಡುಕಿಕೊಡುವ ಸಾಫ್ಟ್‌ವೇರ್. ಸೆಂಟ್‌ಓಎಸ್ 7 (ಒಂದು ಲಿನಕ್ಸ್) ಮೇಲೆ ಆರು ಡೇಟಾ ನೋಡ್, ಒಂದೊಂದಕ್ಕೂ 16 ಜಿಬಿ ಹೀಪ್ (ಜಾವಾ ಪ್ರೋಗ್ರಾಂಗೆ ಮೀಸಲಿಟ್ಟ ಮೆಮೊರಿ). ಹದಿನಾಲ್ಕು ಅಪ್ಲಿಕೇಶನ್‌ಗಳ ಲಾಗ್ ಅದರಲ್ಲಿ ಬೀಳುತ್ತದೆ, 90 ದಿನ ಇಡಬೇಕು.

ಇದು ಮೊದಲ ಸಲವೇನೂ ಆಗಿರಲಿಲ್ಲ. ಆಗಸ್ಟ್‌ನಲ್ಲೇ ಒಮ್ಮೆ ಬಂದಿತ್ತು. ಆಗ ನಮ್ಮ ಟೀಮಿನ ಒಬ್ಬರು ಮಿತಿಗಳನ್ನು ಬರೆದಿಡುವ ಲಿಮಿಟ್ಸ್ ಡಾಟ್ ಕಾನ್ಫ್ ಫೈಲಿನಲ್ಲಿ 2 ಲಕ್ಷ ಅಂತ ಬರೆದು ರೀಸ್ಟಾರ್ಟ್ ಮಾಡಿದರು. ಶೆಲ್‌ನಲ್ಲಿ ಆ ಮಿತಿ ತೋರಿಸುವ ಯುಲಿಮಿಟ್ ಕಮಾಂಡ್ ಹಾಕಿ ನೋಡಿದರೆ 2 ಲಕ್ಷ ತೋರಿಸಿತು. ಎರರ್ ನಿಂತಿತು. ಎಲ್ಲರೂ ಖುಷಿ. ಹದಿನೈದು ದಿನಕ್ಕೆ ಮತ್ತೆ ಅದೇ ಹಾಡು. ನಾನು ಪ್ರೊಕ್ (ಓಡುತ್ತಿರುವ ಪ್ರೋಗ್ರಾಂಗಳ ವಿವರ ಸಿಗುವ ಫೋಲ್ಡರ್) ಒಳಗೆ ಹೋಗಿ ಎಲಾಸ್ಟಿಕ್‌ಸರ್ಚ್‌ನ ಜಾವಾ ಪ್ರಾಸೆಸ್‌ನ ಲಿಮಿಟ್ಸ್ ಫೈಲ್ ತೆರೆದರೆ ಅಲ್ಲಿ 65535 ಹಾಗೇ ಕೂತಿತ್ತು. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ಪ್ರೋಗ್ರಾಂ) ಎಬ್ಬಿಸುವ ಸರ್ವಿಸ್ ಆ ಕಾನ್ಫ್ ಫೈಲಿನ ಕಡೆ ತಿರುಗಿಯೂ ನೋಡಲ್ಲ, ಅದು ಲಾಗಿನ್ ಆಗುವ ಮನುಷ್ಯರಿಗೆ ಮಾತ್ರ. ಸರ್ವಿಸ್‌ಗೆ ಬೇಕಾದ್ದು ಸಿಸ್ಟಮ್‌ಡಿಯ ಯೂನಿಟ್ ಫೈಲಿನಲ್ಲಿರುವ ಲಿಮಿಟ್‌ನೋಫೈಲ್ ಅನ್ನುವ ಸಾಲು. ಗೊತ್ತಿದ್ದೂ ಮರೆಯುವ ವಿಷಯ ಇದು. ನಾನೂ ಹಿಂದೆ ಎರಡು ಸಲ ಮರೆತಿದ್ದೆ, ಅದಕ್ಕೇ ಜಾಸ್ತಿ ನಗಲಿಲ್ಲ.

ನಗದೇ ಇದ್ದದ್ದು ಒಳ್ಳೆಯದೇ ಆಯ್ತು. ಯಾಕೆಂದರೆ ಮುಂದಿನ ತಪ್ಪು ನನ್ನದೇ. ಸರಿಯಾದ ಜಾಗದಲ್ಲೇ ಬದಲಾಯಿಸಿದೆ. ಆದರೆ ಲೆಕ್ಕ ಹಾಕಲು ಸೋಮಾರಿತನ ಆಗಿ ‘ಇನ್ಫಿನಿಟಿ’ ಅಂತ ಹಾಕಿದೆ. ರೀಲೋಡ್, ರೀಸ್ಟಾರ್ಟ್, ಮತ್ತೆ ಪ್ರೊಕ್ ಒಳಗೆ ಇಣುಕಿದೆ. 65536! ಸೆಂಟ್‌ಓಎಸ್ 7ರಲ್ಲಿರುವ ಹಳೆಯ ಸಿಸ್ಟಮ್‌ಡಿಗೆ ಅನಂತ ಅಂದರೆ ಅಷ್ಟೇ. ಅಂದರೆ ಅರ್ಧ ದಿನ ಕೆಲಸ ಮಾಡಿ ನಾನು ಗಳಿಸಿದ್ದು ಒಂದೇ ಒಂದು ಫೈಲ್. ಹಬ್ಬ ಮುಗಿದ ಮೇಲೆ ಸರಿಮಾಡೋಣ ಅಂತ ಬಿಟ್ಟೆ. ಹಬ್ಬ ಬರುವ ಮೊದಲೇ ನೋಡ್ ಬಿತ್ತು.

ಆ ರಾತ್ರಿ ನನಗೆ ಅರ್ಥವಾಗಿದ್ದು, ಒಂದು ನೋಡ್ ಬಿದ್ದರೆ ಅದು ಒಂದೇ ಬೀಳಲ್ಲ ಅನ್ನೋದು. ನಮ್ಮಲ್ಲಿ ನೋಡ್‌ಗೆ ಸುಮಾರು 2,100 ಶಾರ್ಡ್ (ಡೇಟಾದ ತುಂಡು) ಇದ್ದವು. ನಾಲ್ಕನೇ ನೋಡ್ ಹೊರಬಿದ್ದ ಒಂದು ನಿಮಿಷಕ್ಕೆ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ನೋಡ್‌ಗಳ ಗುಂಪು) ಅದರ ಶಾರ್ಡ್‌ಗಳನ್ನು ಉಳಿದ ಐದರ ಮೇಲೆ ಹೇರಲು ಶುರು ಮಾಡಿತು. ಆ ಒಂದು ನಿಮಿಷದ ಕಾಯುವಿಕೆ ಅದರ ಡಿಫಾಲ್ಟ್. ತಲೆಗೆ 400ಕ್ಕೂ ಜಾಸ್ತಿ ಶಾರ್ಡ್. ಒಂದು ಶಾರ್ಡ್‌ಗೆ ಮೂವತ್ತು ಫೈಲ್ ಹಿಡಿದರೂ 12 ಸಾವಿರ. ಮೊದಲೇ 60 ಸಾವಿರ ಚಿಲ್ಲರೆಯಲ್ಲಿ ಏದುಸಿರು ಬಿಡುತ್ತಿದ್ದ ನೋಡ್‌ಗಳಿಗೆ ಇನ್ನೂ 12 ಸಾವಿರ ಹೊರಿಸಿದರೆ ಇನ್ನೇನಾಗುತ್ತದೆ? ಸಾಲಾಗಿ ನಿಲ್ಲಿಸಿದ ಇಸ್ಪೀಟು ಎಲೆ.

ರೀಸ್ಟಾರ್ಟ್ ಮಾಡುವ ಹಾಗಿರಲಿಲ್ಲ, ಮಾಡಿದರೆ ಇನ್ನೊಂದು ನೋಡ್ ಹೊರಗೆ ಹೋದ ಹಾಗೆ. ಆಗ ಕೈ ಹಿಡಿದದ್ದು ಪಿಆರ್‌ಲಿಮಿಟ್. ಓಡುತ್ತಿರುವ ಪ್ರಾಸೆಸ್‌ನ ಲಿಮಿಟ್ ಅನ್ನು ನಿಲ್ಲಿಸದೇ ಏರಿಸಬಹುದು. ರೂಟ್ ಆಗಿ ಹೋಗಿ, ಉಳಿದ ನಾಲ್ಕೂ ನೋಡ್‌ಗಳ ಜಾವಾ ಪ್ರಾಸೆಸ್‌ಗೆ 2 ಲಕ್ಷ ಕೊಟ್ಟೆ. ಸಾಲು ಅಲ್ಲಿಗೇ ನಿಂತಿತು. ಬೆಳಗಿನ ಜಾವ ನಾಲ್ಕಕ್ಕೆ ಕ್ಲಸ್ಟರ್ ಹಳದಿಗೆ ಬಂತು, ಅಂದರೆ ಡೇಟಾ ಎಲ್ಲ ಸಿಗುತ್ತದೆ, ಕೆಲವು ನಕಲು ಪ್ರತಿಗಳು ಮಾತ್ರ ಬಾಕಿ. ನಮ್ಮ ಫ್ಲೋರ್‌ನಲ್ಲಿ ಈ ಕಮಾಂಡ್ ಗೊತ್ತಿದ್ದವನು ನಾನೊಬ್ಬನೇ ಅಂತ ಇಲ್ಲಿ ಹೇಳಿಕೊಳ್ಳಲೇಬೇಕು.

ಆಮೇಲೆ ಯೂನಿಟ್ ಫೈಲಿನಲ್ಲಿ 2,62,144 ಅಂತ ಸರಿಯಾದ ಅಂಕಿ ಹಾಕಿದೆ. ಫೈಲ್ ಎರರ್ ಹೋಯಿತು. ಎಂಟು-ಹತ್ತು ದಿನಕ್ಕೆ ಹೀಪ್ ತುಂಬಿ, ಜಿಸಿ (ಬೇಡದ ಮೆಮೊರಿ ಬಿಡಿಸುವ ಜಾವಾದ ಕೆಲಸ) ಉದ್ದುದ್ದ ಓಡಿ, ನೋಡ್‌ಗಳು ಉಸಿರು ಕಟ್ಟಿಕೊಂಡು ಮತ್ತೆ ಹೊರಬೀಳಲು ಶುರು. ಒಂದು ಜಿಬಿ ಹೀಪ್‌ಗೆ 20 ಶಾರ್ಡ್ ಮೀರಬೇಡಿ ಅಂತ ಎಲಾಸ್ಟಿಕ್‌ಸರ್ಚ್‌ನವರೇ ಆಗ ಹೇಳುತ್ತಿದ್ದರು. ಆ ಲೆಕ್ಕಕ್ಕೆ ನಮ್ಮ ನೋಡ್‌ಗೆ 320. ಇದ್ದದ್ದು 2,100. ಯಾವತ್ತೋ ಯಾರೋ, ನೋಡ್‌ಗೆ 1,000 ಶಾರ್ಡ್ ಅನ್ನುವ ಡಿಫಾಲ್ಟ್ ಮಿತಿಯನ್ನು 2,500 ಮಾಡಿ ಹೋಗಿದ್ದರು.

ಮೀಟಿಂಗ್‌ನಲ್ಲಿ ಎಲ್ಲರದೂ ಒಂದೇ ಮಾತು, ಇನ್ನೂ ನಾಲ್ಕು ನೋಡ್ ಹಾಕೋಣ. ನಮ್ಮ ಸೈಜಿನ ಮಷೀನ್, ಡಿಸ್ಕ್ ಎಲ್ಲ ಸೇರಿ ತಿಂಗಳಿಗೆ 42 ಸಾವಿರದ ಹತ್ತಿರ. ನಾಲ್ಕಕ್ಕೆ 1 ಲಕ್ಷ 68 ಸಾವಿರ, ಪ್ರತಿ ತಿಂಗಳು. ನಾನು ಹೇಳಿದೆ, “ಸರ್, ಮೂರು ವಾರ ಕೊಡಿ. ಒಂದೂ ಮಷೀನ್ ಬೇಡ.” ಮ್ಯಾನೇಜರ್ ನಕ್ಕರು. “ಲಿಮಿಟ್ ಏರಿಸಿದ್ದಕ್ಕೇ ಎರಡು ತಿಂಗಳು ತಗೊಂಡ್ರಲ್ಲ, ಈಗ ಮೂರು ವಾರದಲ್ಲಿ ಏನ್ ಮಾಡ್ತೀರಿ?” ಮಾತು ಸ್ವಲ್ಪ ಚುಚ್ಚಿತು. ಸುಳ್ಳೂ ಅಲ್ಲ.

ಅವರ ಮುಂದೆ ನನ್ನ ಮರ್ಯಾದೆ ಮೊದಲೇ ಸ್ವಲ್ಪ ಹೋಗಿತ್ತು. ಹಿಂದಿನ ವಾರ, ತೆರೆದ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಓಎಫ್ ಕಮಾಂಡ್‌ನ ಸಾಲು ಎಣಿಸಿ 1 ಲಕ್ಷ 40 ಸಾವಿರ ಫೈಲ್ ತೆರೆದಿವೆ ಅಂತ ರಿಪೋರ್ಟ್ ಕೊಟ್ಟಿದ್ದೆ. “ಲಿಮಿಟ್ ಇದ್ದದ್ದೇ 65 ಸಾವಿರ ಅಂತೀರಿ, ಅದು ಹೇಗೆ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಕೂತು ನೋಡಿದಾಗ ತಿಳಿಯಿತು. ಲೂಸೀನ್ (ಎಲಾಸ್ಟಿಕ್‌ಸರ್ಚ್ ಒಳಗಿನ ಹುಡುಕಾಟದ ಎಂಜಿನ್) ಕೆಲವು ಫೈಲ್‌ಗಳನ್ನು ಮೆಮೊರಿಗೆ ಮ್ಯಾಪ್ ಮಾಡಿಕೊಂಡು ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಲಿನಕ್ಸ್ ಕೊಡುವ ನಂಬರ್) ಅನ್ನು ಮುಚ್ಚಿಬಿಡುತ್ತದೆ. ಟರ್ಮ್ ಡಿಕ್ಷನರಿ, ನಾರ್ಮ್ಸ್, ಡಾಕ್ ವ್ಯಾಲ್ಯೂಸ್ ಅನ್ನುವ ಬಗೆಯ ಫೈಲ್‌ಗಳೆಲ್ಲ ಹಾಗೆ. ಎಲ್‌ಎಸ್‌ಓಎಫ್ ಅವನ್ನೂ ಪಟ್ಟಿಯಲ್ಲಿ ಸೇರಿಸುತ್ತದೆ, ಲಿಮಿಟ್ ಮಾತ್ರ ಲೆಕ್ಕಕ್ಕೆ ಹಿಡಿಯಲ್ಲ. ಸರಿಯಾದ ಲೆಕ್ಕ ಬೇಕಾದರೆ ಪ್ರೊಕ್‌ನ ಎಫ್‌ಡಿ ಫೋಲ್ಡರ್ ಎಣಿಸಿ, ಇಲ್ಲವೇ ಎಲಾಸ್ಟಿಕ್‌ಸರ್ಚ್‌ನ ನೋಡ್ಸ್ ಸ್ಟ್ಯಾಟ್ಸ್ ಕೇಳಿ. ಎರಡೂ ಒಂದೇ ಹೇಳುತ್ತವೆ.

ಹುಡುಕಾಟ ಶುರು ಮಾಡಿದ್ದು ಒಂದು ಸಣ್ಣ ಅನುಮಾನದಿಂದ. ಪ್ರತಿ ಸಲ ರೀಸ್ಟಾರ್ಟ್ ಆದಾಗ ನೋಡ್‌ಗೆ ಎಂಟು-ಹತ್ತು ಸಾವಿರ ಫೈಲ್ ಕಡಿಮೆ ಆಗುತ್ತಿತ್ತು. ಡೇಟಾ ಅಷ್ಟೇ, ಶಾರ್ಡ್ ಅಷ್ಟೇ, ಹಾಗಾದರೆ ಆ ಫೈಲ್‌ಗಳು ಯಾರವು? ಡಿಎಫ್ ಕಮಾಂಡ್ ಕೇಳಿದರೆ ಡಿಸ್ಕ್ 82 ಪರ್ಸೆಂಟ್ ತುಂಬಿದೆ ಅನ್ನುತ್ತಿತ್ತು, ಕಣ್ಣಿಗೆ ಕಾಣುವ ಫೈಲ್‌ಗಳ ಸೈಜನ್ನು ಡಿಯು ಕಮಾಂಡ್‌ನಿಂದ ಕೂಡಿಸಿದರೆ 75 ದಾಟುತ್ತಿರಲಿಲ್ಲ. ಅಳಿಸಿದ ಫೈಲ್‌ಗಳನ್ನು ಯಾರೋ ಹಿಡಿದು ಕೂತಿದ್ದಾರೆ. ಹುಡುಕಿದರೆ ಸಿಕ್ಕಿದ್ದು ಸ್ಕ್ರಾಲ್, ಅಂದರೆ ದೊಡ್ಡ ಹುಡುಕಾಟದ ಫಲಿತಾಂಶವನ್ನು ಕಂತು ಕಂತಾಗಿ ಓದುವ ವಿಧಾನ. ರಿಪೋರ್ಟ್ ಟೀಮಿನ ಹುಡುಗನ ಒಂದು ಜಾಬ್ ಗಂಟೆಗೊಮ್ಮೆ ಮೂವತ್ತು ದಿನದ ಡೇಟಾ ಮೇಲೆ ಸ್ಕ್ರಾಲ್ ತೆರೆಯುತ್ತಿತ್ತು, ಕೆಲಸ ಮುಗಿದ ಮೇಲೆ ಮುಚ್ಚುತ್ತಿರಲಿಲ್ಲ. ಕೀಪ್ ಅಲೈವ್, ಅಂದರೆ ಸ್ಕ್ರಾಲ್ ಬದುಕಿರುವ ಅವಧಿ, 24 ಗಂಟೆ. ಸ್ಕ್ರಾಲ್ ಬದುಕಿರುವವರೆಗೂ ಮರ್ಜ್ ಆಗಿ (ಸೇರಿ ದೊಡ್ಡದೊಂದಾಗಿ) ಸತ್ತ ಸೆಗ್ಮೆಂಟ್‌ಗಳಿಗೂ (ಶಾರ್ಡ್ ಒಳಗಿನ ಫೈಲ್ ಗುಂಪು) ಮುಕ್ತಿ ಇಲ್ಲ. ಕೇಳಿದರೆ, “ಅಣ್ಣಾ, ಐದು ನಿಮಿಷ ಹಾಕಿದ್ರೆ ಮಧ್ಯದಲ್ಲೇ ಕಟ್ ಆಗ್ತಿತ್ತು, ಅದಕ್ಕೇ ಒಂದು ದಿನ ಹಾಕ್ದೆ” ಅಂದ. ಒಂದು ಸಾಲಿನ ಕ್ಲಿಯರ್ ಸ್ಕ್ರಾಲ್ ಸೇರಿಸಿದ. ಕೀಪ್ ಅಲೈವ್ ಅನ್ನು ನಾನು ಇಳಿಸಿದೆ. ಎಂಟು ಸಾವಿರ ಫೈಲ್ ಅಲ್ಲೇ ಕಡಿಮೆ ಆಯಿತು.

ಉಳಿದದ್ದು ಶಾರ್ಡ್‌ಗಳ ಗುಡ್ಡೆ. 14 ಅಪ್ಲಿಕೇಶನ್, 90 ದಿನ, ದಿನಕ್ಕೊಂದು ಇಂಡೆಕ್ಸ್ (ಡೇಟಾದ ಕಟ್ಟು), ಅದಕ್ಕೆ ಐದು ಪ್ರೈಮರಿ (ಮೂಲ) ಶಾರ್ಡ್, ಪ್ರತಿಯೊಂದಕ್ಕೂ ಒಂದು ರೆಪ್ಲಿಕಾ (ನಕಲು). ಗುಣಿಸಿ ನೋಡಿ, 12,600. ಐದು ಪ್ರೈಮರಿ ಯಾಕೆ? ಯಾರೂ ಯೋಚಿಸಿ ಹಾಕಿದ್ದಲ್ಲ. 7ನೇ ಆವೃತ್ತಿಗೆ ಮೊದಲು ಡಿಫಾಲ್ಟ್ ಐದೇ ಇತ್ತು. ಹೊಸ ಇಂಡೆಕ್ಸ್‌ಗಳಿಗೆ ಅಚ್ಚಾಗುವ ನಮ್ಮ ಹಳೇ ಟೆಂಪ್ಲೇಟ್ ಅದನ್ನೇ ಹೊತ್ತುಕೊಂಡು ಬಂದಿತ್ತು. ಕೆಲವು ಅಪ್ಲಿಕೇಶನ್‌ಗಳ ಇಡೀ ದಿನದ ಲಾಗ್ 300 ಎಂಬಿ ಕೂಡ ಇಲ್ಲ, ಅದಕ್ಕೂ ಹತ್ತು ಶಾರ್ಡ್. ಒಂದು ಲೋಟ ಮಜ್ಜಿಗೆಯನ್ನು ಹತ್ತು ಕೊಡಕ್ಕೆ ಹಂಚಿದ ಹಾಗೆ.

ಟೆಂಪ್ಲೇಟ್‌ನಲ್ಲಿ ಒಂದು ಶಾರ್ಡ್ ಅಂತ ಮಾಡಿದೆ. ದಿನದ ಇಂಡೆಕ್ಸ್ ಬಿಟ್ಟು ಸೈಜ್ ನೋಡಿ ರೋಲ್‌ಓವರ್ ಆಗುವ, ಅಂದರೆ ಹೊಸ ಇಂಡೆಕ್ಸ್ ಶುರುವಾಗುವ ಹಾಗೆ ಹಾಕಿದೆ. ಯಾವ ಸೈಜಿಗೆ, ಎಷ್ಟು ದಿನಕ್ಕೆ ಅನ್ನೋದು ನಮ್ಮ ಲಾಗ್ ನೋಡಿ ಕಂಡುಕೊಂಡದ್ದು, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹಳೆಯ ಇಂಡೆಕ್ಸ್‌ಗಳಿಗೆ ಶ್ರಿಂಕ್, ಐದು ಶಾರ್ಡ್‌ನಿಂದ ಒಂದಕ್ಕೆ. ಇಲ್ಲಿ ಮತ್ತೆ ಎಡವಿದೆ. ಉತ್ಸಾಹದಲ್ಲಿ ಒಂದೇ ಸಲ ಮೂವತ್ತು ಇಂಡೆಕ್ಸ್‌ಗೆ ಶ್ರಿಂಕ್ ಕೊಟ್ಟೆ. ಶ್ರಿಂಕ್‌ಗೆ ಎಲ್ಲ ಶಾರ್ಡ್‌ನ ಒಂದೊಂದು ಪ್ರತಿ ಒಂದೇ ನೋಡ್‌ಗೆ ಬಂದು ಕೂರಬೇಕು. ಹೊಸದು ಎದ್ದು ನಿಂತು ಹಳೆಯದನ್ನು ಅಳಿಸುವವರೆಗೆ ಎರಡೂ ತೆರೆದಿರುತ್ತವೆ. ಫೈಲ್ ಸಂಖ್ಯೆ ಇಳಿಯುವ ಬದಲು ಏರಿತು! ಆಮೇಲೆ ನಾಲ್ಕು ನಾಲ್ಕಾಗಿ, ನೋಡ್ ಬದಲಾಯಿಸುತ್ತಾ ಮಾಡಿದೆ. ಯಾವ ನೋಡ್‌ಗೆ ಯಾವಾಗ ಅಂತ ಆರಿಸುವ ಸ್ಕ್ರಿಪ್ಟ್ ಬರೆದದ್ದು ನಾನೇ, ಅದನ್ನೂ ಇಲ್ಲಿ ಹಾಕಲ್ಲ.

ಶ್ರಿಂಕ್ ಆದವಕ್ಕೆ ಫೋರ್ಸ್ ಮರ್ಜ್, ಒಂದೇ ಸೆಗ್ಮೆಂಟ್‌ಗೆ. ಮರ್ಜ್ ಆಗುವಾಗ ಡಿಸ್ಕ್ ಹೆಚ್ಚುಕಡಿಮೆ ಎರಡರಷ್ಟು ಬೇಕು. ಇದನ್ನು ಓದಿದ್ದೆ, ನಂಬಿರಲಿಲ್ಲ. ಒಂದು ರಾತ್ರಿ ಡಿಸ್ಕ್ 90 ಪರ್ಸೆಂಟ್ ದಾಟಿತು, ಕ್ಲಸ್ಟರ್ ಗಾಬರಿಯಾಗಿ ಶಾರ್ಡ್‌ಗಳನ್ನು ಆಚೀಚೆ ಎತ್ತಿಡಲು ಶುರು ಮಾಡಿತು. ಬೆಳಿಗ್ಗೆವರೆಗೂ ಅದೇ ಸಾಮಾನು ಸಾಗಣೆ.

ಮಧ್ಯದಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿದೆ. 60 ದಿನಕ್ಕಿಂತ ಹಳೆಯ ಇಂಡೆಕ್ಸ್‌ಗಳನ್ನು ಸುಮ್ನೆ ಕ್ಲೋಸ್ ಮಾಡಿಬಿಟ್ಟರೆ? ಫೈಲ್ ಸಂಖ್ಯೆ ದಬಕ್ಕನೆ ಇಳಿಯಿತು. ನಾನು ಬೀಗುತ್ತಾ ಕಾಫಿಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಆಡಿಟ್‌ನವರ ಫೋನ್, “ಆಗಸ್ಟ್ ಡೇಟಾ ಎಲ್ಲಿ?” ಮತ್ತೆ ತೆರೆದೆ.

ಇನ್ನೊಂದು ಸಣ್ಣ ಸೋರಿಕೆ ಸಾಕೆಟ್‌ದು, ಅಂದರೆ ನೆಟ್‌ವರ್ಕ್ ಕನೆಕ್ಷನ್‌ಗಳದು. ಸಾಕೆಟ್ ಕೂಡ ಫೈಲೇ ಅಲ್ವಾ. ಒಂದು ಅಪ್ಲಿಕೇಶನ್ ಪ್ರತಿ ರಿಕ್ವೆಸ್ಟ್‌ಗೂ ಹೊಸ ಕ್ಲೈಂಟ್ ಕಟ್ಟುತ್ತಿತ್ತು. ನೋಡ್‌ಗೆ ಮೂರು ಸಾವಿರ ಕನೆಕ್ಷನ್ ಖಾಲಿ ಕೂತಿದ್ದವು. ಅದನ್ನು ಬರೆದವರಿಗೆ ಹೇಳಿ ಸರಿಮಾಡಿಸಿದೆ.

ಮೂರು ವಾರ ಅಂದದ್ದು ಐದು ವಾರ ಆಯಿತು. 12,600 ಶಾರ್ಡ್ ಈಗ 1,100 ಆಸುಪಾಸು. ನೋಡ್‌ಗೆ 60 ಸಾವಿರ ದಾಟುತ್ತಿದ್ದ ಫೈಲ್ ನಾಲ್ಕೈದು ಸಾವಿರ. ಹುಡುಕಾಟದ ಸ್ಪೀಡ್ ಕೂಡ ಜಾಸ್ತಿ ಆಗಿದೆ, ಆದರೆ ಅದನ್ನು ನಾನು ಸರಿಯಾಗಿ ಅಳೆದಿಲ್ಲ. ತಿಂಗಳಿಗೆ 1 ಲಕ್ಷ 68 ಸಾವಿರ ಉಳಿಯಿತು. ಮ್ಯಾನೇಜರ್ ಮತ್ತೆ ನಕ್ಕರು, ಈ ಸಲ ಬೇರೆ ಥರ. ಮರುದಿನವೇ ಪಕ್ಕದ ಟೀಮಿನ ಸೋಲರ್ (ಇನ್ನೊಂದು ಹುಡುಕಾಟದ ಸಾಫ್ಟ್‌ವೇರ್) ಕ್ಲಸ್ಟರ್ ಕೂಡ ನನ್ನ ತಲೆಗೆ ಕಟ್ಟಿದರು.

ಲಿಮಿಟ್ ಅನ್ನು ಮತ್ತೆ 65535ಕ್ಕೆ ಇಳಿಸಿಟ್ಟಿದ್ದೇನೆ, ಏನಾದರೂ ಸೋರಿದರೆ ಬೇಗ ಗೊತ್ತಾಗಲಿ ಅಂತ. ಆರನೇ ನೋಡ್‌ನಲ್ಲಿ ಮಾತ್ರ ನನ್ನ ಹಳೆಯ ಇನ್ಫಿನಿಟಿ ಇನ್ನೂ ಇದೆ. ಒಂದು ಫೈಲ್ ಜಾಸ್ತಿ ಇರಲಿ ಅಂತ ಮುಟ್ಟಿಲ್ಲ.