ನಿಂತ ಗಾಡಿಯ ತೂಕ

2025ರ ಸೆಪ್ಟೆಂಬರ್ ಮೊದಲ ವಾರ, ಹಾಸನದಲ್ಲಿರುವ ನನ್ನ ಚಿಕ್ಕಪ್ಪನ ಮಗ ತನ್ನ ರಾಯಲ್ ಎನ್‌ಫೀಲ್ಡ್ ಬೈಕು, ಸೂಪರ್ ಮೀಟಿಯರ್ 650 ಓಡಿಸಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ಊಟ ಮುಗಿಸಿ, ಕೀಲಿಕೈ ನನ್ನ ಕೈಗೆ ಕೊಟ್ಟು ಬಸ್ಸಿಗೆ ಹೊರಟ. "ಹತ್ತು ದಿನ ಇಟ್ಕೊ ಅಕ್ಕ. ಬರೀ ಓಡ್ಸಿ ನೋಡೋದಲ್ಲ, ಇಟ್ಕೊಂಡು ನೋಡು. ಆಮೇಲೂ ಬೇಕು ಅನ್ಸಿದ್ರೆ ಬುಕ್ ಮಾಡು" ಅಂದ. ಅವನು ಆ ಗಾಡಿ ತಗೊಂಡು ಎರಡು ವರ್ಷವಾಗಿತ್ತು. ಆ ಮಾತು ಎಷ್ಟು ಅನುಭವದಿಂದ ಬಂದದ್ದು ಅಂತ ನನಗೆ ಗೊತ್ತಾಗಲು ಮೂರು ದಿನ ಸಾಕಾಯಿತು.

ನಮ್ಮದು ಆಲ್ದೂರಿನ ಕಡೆ ಆರು ಎಕರೆ ಕಾಫಿ ತೋಟ. ಹದಿನೆಂಟು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ತೋಟದ ಕೆಲಸಕ್ಕೆ, ಆಲ್ದೂರಿನ ಅಂಗಡಿಗೆ, ಕಾಫಿ ಹದಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ, ಮಗಳನ್ನು ಶಾಲೆಯಿಂದ ಕರೆತರಲು, ಎಲ್ಲಕ್ಕೂ ಬೈಕೇ. ಕಲಿತದ್ದು ಅಪ್ಪನ ಯೆಜ್ಡಿಯಲ್ಲಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಗಾಡಿ, ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ಕ್ಕೆ ಮುಚ್ಚಿತು. ಅಪ್ಪ ಮಾತ್ರ ಆಮೇಲೂ ಬಹಳ ವರ್ಷ ಬಿಡಿಭಾಗ ಹುಡುಕಿಕೊಂಡು ಅದನ್ನು ಓಡಿಸಿದರು. ದೊಡ್ಡ ಗಾಡಿಯ ಆಸೆ ಬಹುಶಃ ಅಲ್ಲಿಂದಲೇ ಹತ್ತಿದ್ದು.

ಆಸೆಗೆ ಇನ್ನೊಂದು ಕಾರಣ ನನ್ನ ಎತ್ತರ. ನಾನು ಐದಡಿ ಎರಡಿಂಚು. ಮಾಮೂಲಿ ಬೈಕಿನ ಸೀಟು ನೆಲದಿಂದ 800 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಅಲ್ಲಿ ಕೂತರೆ ನನ್ನ ಬೆರಳ ತುದಿಯಷ್ಟೇ ನೆಲಕ್ಕೆ. ಸೂಪರ್ ಮೀಟಿಯರಿನ ಸೀಟು 740 ಮಿ.ಮೀ. ಷೋರೂಮಿನಲ್ಲಿ ಅದರ ಮೇಲೆ ಕೂತಾಗ ಎರಡೂ ಅಂಗಾಲು ಪೂರ್ತಿ ನೆಲಕ್ಕೆ ಊರಿದವು. ಹದಿನೆಂಟು ವರ್ಷ ಪ್ರತಿ ಸಿಗ್ನಲ್ಲಿನಲ್ಲೂ ಒಂದು ಕಡೆ ವಾಲಿಕೊಂಡು ನಿಂತವರಿಗೆ ಅದೆಂಥ ನಿರಾಳ ಅನ್ನುವುದು ಗೊತ್ತಿರುತ್ತದೆ. ಅಲ್ಲೇ ಮನಸ್ಸಿನಲ್ಲಿ ಖರೀದಿ ಮುಗಿದುಹೋಗಿತ್ತು. ಷೋರೂಮಿನವರು ಓಡಿಸಲು ಕೊಟ್ಟದ್ದು ಹತ್ತು ನಿಮಿಷ, ಪೇಟೆಯ ಸಪಾಟು ರಸ್ತೆ. ಅಷ್ಟರಲ್ಲಿ ಇಂಥ ಗಾಡಿಯ ಬಗ್ಗೆ ತಿಳಿಯುವುದು ಅದರ ಸದ್ದು ಒಂದೇ.

ಮೊದಲ ಎರಡು ದಿನ ಬರೀ ಸಂತೋಷ. ಆಲ್ದೂರಿನಿಂದ ಚಿಕ್ಕಮಗಳೂರಿಗೆ ಬಂದು, ಸಖರಾಯಪಟ್ಟಣದ ಮೇಲೆ ಕಡೂರಿಗೆ ಹೋದೆ. ಮಲೆನಾಡು ಹಿಂದೆ ಸರಿದು ಬಯಲು ಬಿಚ್ಚಿಕೊಳ್ಳುವ ರಸ್ತೆ ಅದು. 648 ಸಿ.ಸಿ.ಯ ಎರಡು ಸಿಲಿಂಡರ್ ಎಂಜಿನ್, 52.3 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಮೇಲಿನ ಗೇರಿನಲ್ಲೇ ಕೈ ಸ್ವಲ್ಪ ತಿರುಗಿಸಿದರೆ ಸಾಕು, ಎದುರಿನ ಲಾರಿ ಹಿಂದೆ ಉಳಿಯುತ್ತದೆ. ನನ್ನ ಹಳೇ 150 ಸಿ.ಸಿ. ಗಾಡಿಯಲ್ಲಿ ಅದೇ ಲಾರಿಯನ್ನು ದಾಟಲು ಎರಡು ಗೇರ್ ಇಳಿಸಿ, ಉಸಿರು ಬಿಗಿಹಿಡಿದು, ಎದುರಿನ ರಸ್ತೆ ಅರ್ಧ ಕಿ.ಮೀ. ಖಾಲಿ ಇದೆಯಾ ಅಂತ ನೋಡಬೇಕು. ಎದುರುಗಾಳಿಯಲ್ಲೂ ದೊಡ್ಡ ಗಾಡಿ ಅಲುಗಲಿಲ್ಲ. ತೂಕ ಓಟದಲ್ಲಿ ಹೊರೆಯಲ್ಲ, ಆಸರೆ. ವಾಪಸ್ ಬರುವಾಗ ಕಡೂರಿನಲ್ಲಿ ಕಾಫಿ ಕುಡಿಯುತ್ತಾ ಮನೆಯವರಿಗೆ ಫೋನ್ ಮಾಡಿ, "ರೀ, ಇದೇ ತಗೊಳ್ಳೋಣ" ಅಂದುಬಿಟ್ಟೆ.

ಮೂರನೇ ದಿನ ಸಂಜೆ ಗಾಡಿ ಬಿತ್ತು.

ಎಲ್ಲಿ ಬಿತ್ತು ಅಂತ ಹೇಳಿದರೆ ಅರ್ಥವಾಗುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಲ್ಲ, ಹೆದ್ದಾರಿಯಲ್ಲಲ್ಲ. ನಮ್ಮ ಮನೆ ಅಂಗಳದಲ್ಲಿ, ಶೆಡ್ಡಿಗೆ ಹತ್ತಡಿ ದೂರದಲ್ಲಿ, ನಡೆಯುವಷ್ಟೇ ವೇಗದಲ್ಲಿ. ಸೋನೆ ಹಿಡಿದಿತ್ತು. ಅಂಗಳದ ಸಿಮೆಂಟಿನ ಮೇಲೆ ಜೂನ್ ತಿಂಗಳಿಂದ ಕಟ್ಟಿದ ಪಾಚಿ. ಶೆಡ್ಡಿನ ಕಡೆಗೆ ತಿರುಗಿಸಲು ಹ್ಯಾಂಡಲ್ ಎಡಕ್ಕೆ ಪೂರ್ತಿ ಹೊರಳಿಸಿದ್ದೆ. ಅಷ್ಟರಲ್ಲಿ ನಾಯಿ ಅಡ್ಡ ಬಂತು, ಕೈ ತಾನಾಗಿ ಮುಂದಿನ ಬ್ರೇಕಿಗೆ ಹೋಯಿತು. ಹ್ಯಾಂಡಲ್ ತಿರುಗಿರುವಾಗ ನಿಧಾನದಲ್ಲಿ ಮುಂದಿನ ಬ್ರೇಕ್ ಹಿಡಿದರೆ ಗಾಡಿ ತಿರುಗಿದ ಕಡೆಗೇ ಕುಸಿಯುತ್ತದೆ. ಸಣ್ಣ ಬೈಕಿನಲ್ಲಿ ಈ ತಪ್ಪನ್ನು ಎಡಗಾಲು ಊರಿ ಎಷ್ಟೋ ಸಲ ತಡೆದುಕೊಂಡಿದ್ದೆ. ಇಲ್ಲಿ ಕಾಲು ಊರಿದೆ, ಪಾಚಿಯ ಮೇಲೆ ಚಪ್ಪಲಿ ಜಾರಿತು. ಆ ಕ್ಷಣದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಕೈಬಿಟ್ಟು ದೂರ ಸರಿದೆ. 241 ಕೆ.ಜಿ. ಗಾಡಿ ಒಂದು ಹದ ಮೀರಿ ವಾಲಿದ ಮೇಲೆ ಅದನ್ನು ತೋಳಿನಿಂದ ತಡೆಯಲು ಹೋದರೆ ಬೆನ್ನು ಹೋಗುತ್ತದೆ, ಇಲ್ಲವೇ ಕಾಲು ಅಡಿಗೆ ಸಿಗುತ್ತದೆ.

ಎತ್ತುವ ವಿಧಾನವನ್ನು ಗಾಡಿ ಕೊಟ್ಟ ತಮ್ಮ, ಅದೇ ಚಿಕ್ಕಪ್ಪನ ಮಗ, ಮೊದಲ ದಿನವೇ ತೋರಿಸಿಕೊಟ್ಟಿದ್ದ. ಮೊದಲು ಎಂಜಿನ್ ಬಂದ್ ಮಾಡಬೇಕು, ಗಾಡಿ ಉರುಳದಂತೆ ಒಂದನೇ ಗೇರಿನಲ್ಲಿಡಬೇಕು. ಆಮೇಲೆ ಗಾಡಿಗೆ ಬೆನ್ನು ಕೊಟ್ಟು, ಸೀಟಿನ ಅಂಚು ಸೊಂಟದ ಕೆಳಗೆ ತಾಗುವಂತೆ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಹಿಂದಿನ ಹಿಡಿ. ಬೆನ್ನು ನೆಟ್ಟಗಿರಬೇಕು, ಬಲವೆಲ್ಲ ತೊಡೆಯಿಂದ ಬರಬೇಕು, ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಗಾಡಿಯನ್ನು ಮೇಲಕ್ಕೆ ತಳ್ಳಬೇಕು. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಬಿಡಿಸಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಎತ್ತಿದ ಗಾಡಿ ಆ ಕಡೆಗೆ ಬಿದ್ದುಹೋಗುತ್ತದೆ. ಕಾಫಿ ಮೂಟೆ 50 ಕೆ.ಜಿ. ತೂಗುತ್ತದೆ. ಹೆಚ್ಚುಕಡಿಮೆ ಐದು ಮೂಟೆ ಒಟ್ಟಿಗೆ ಕಟ್ಟಿದ ಭಾರ ಅದು. ಎಂಜಿನ್ನಿನ ಪಕ್ಕಕ್ಕೆ ಕಾಪಾಗಿರುವ ಕಂಬಿ, ಕ್ರ್ಯಾಶ್ ಗಾರ್ಡ್, ಇದ್ದದ್ದರಿಂದ ಗಾಡಿ ಪೂರ್ತಿ ಮಲಗದೆ ಓರೆಯಾಗಿ ನಿಂತಿತ್ತು, ಅದೊಂದು ಪುಣ್ಯ. ಎರಡು ಸಲ ಪ್ರಯತ್ನಿಸಿದೆ. ಸೊಂಟದವರೆಗೆ ಬರುತ್ತಿತ್ತು, ಅಲ್ಲಿ ಕಾಲು ಜಾರುತ್ತಿತ್ತು. ಕೊನೆಗೆ ತೋಟದ ಕೆಲಸದವರ ಲೈನ್ ಮನೆಯಿಂದ ಇಬ್ಬರು ಓಡಿಬಂದು, ಪಾಚಿಯ ಮೇಲೆ ಗೋಣಿಚೀಲ ಹಾಸಿ, ಮೂವರೂ ಸೇರಿ ಎತ್ತಿದೆವು. ಗಾಡಿಗೆ ಗಾರ್ಡಿನ ಮೇಲೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಂಗಳದಲ್ಲಿ ಜನ ಇದ್ದರು. ತೋಟದ ಮಧ್ಯೆ ಇಲ್ಲದಿದ್ದರೆ?

ಮಾರನೇ ದಿನದಿಂದ ನಾನು ಗಾಡಿಯನ್ನು ಓಡಿಸಿ ನೋಡುವುದು ಬಿಟ್ಟು, ನಿಲ್ಲಿಸಿ ನೋಡತೊಡಗಿದೆ. ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿಂದ ಹಿಂದಕ್ಕೆ ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ನಮ್ಮ ಶೆಡ್ ಗೋಡೆಯ ಕಡೆಗೆ ಇಳಿಜಾರು. ಹತ್ತಡಿಗೆ ಒಂದಡಿ ಇಳಿಯುತ್ತದೆ, ಟೇಪ್ ಹಿಡಿದು ಅಳೆದೆ. ಬೈಕಿಗೆ ರಿವರ್ಸ್ ಗೇರ್ ಇಲ್ಲ. ಮೂತಿ ಮುಂದಾಗಿ ಒಳಗೆ ನಿಲ್ಲಿಸಿದರೆ, ಬೆಳಿಗ್ಗೆ ಅದೇ ಏರಿನಲ್ಲಿ ಹಿಂದಕ್ಕೆ ಎಳೆಯಬೇಕು. ಆ ಏರಿಗೆ 241 ಕೆ.ಜಿ. ಗಾಡಿಯನ್ನು ತಳ್ಳಲು 24 ಕೆ.ಜಿ. ಎತ್ತುವಷ್ಟು ಬಲ ಬೇಕು, ಅದೂ ಸೀಟಿನ ಮೇಲೆ ಕೂತು ಒದ್ದೆ ನೆಲಕ್ಕೆ ಕಾಲು ಕೊಟ್ಟು. ನನ್ನಿಂದ ಆಗಲಿಲ್ಲ. ಇಳಿದು ಪಕ್ಕದಲ್ಲಿ ನಿಂತು ಎಳೆದರೆ ಬಂತು, ಆದರೆ ಅಷ್ಟು ಹೊತ್ತೂ ಅದು ಆಚೆ ವಾಲುತ್ತದೇನೋ ಅನ್ನುವ ಭಯ. ಬೆಟ್ಟದೂರಿನಲ್ಲಿ ಭಾರದ ಗಾಡಿ ಇಡುವವರು ಯಾವಾಗಲೂ ಮೂತಿ ಏರಿನ ಕಡೆಗಿರುವಂತೆ ನಿಲ್ಲಿಸಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಸೈಡ್ ಸ್ಟ್ಯಾಂಡಿನ ವಿಷಯವೂ ಹಾಗೇ. ಮಳೆಗಾಲದ ಮಣ್ಣಿನಲ್ಲಿ ಅದು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತದೆ. ಒಂದು ಅಂಗೈ ಅಗಲದ ಕಡಪ ಕಲ್ಲಿನ ಚೂರು ಜೊತೆಗಿಟ್ಟುಕೊಂಡೇ ಓಡಾಡಿದೆ.

ಟಾರ್ ರಸ್ತೆಯಿಂದ ಮನೆಗೆ ಎಂಟುನೂರು ಮೀಟರ್ ಮಣ್ಣು ರಸ್ತೆ. ಮಳೆನೀರು ರಸ್ತೆ ಕೊಚ್ಚದಿರಲಿ ಅಂತ ಅಡ್ಡಡ್ಡ ದಿಣ್ಣೆ ಕಟ್ಟಿ ನೀರನ್ನು ಪಕ್ಕದ ಚರಂಡಿಗೆ ತಿರುಗಿಸಿದ್ದೇವೆ. ಎಲ್ಲ ತೋಟದಲ್ಲೂ ಇರುವಂಥದ್ದೇ. ಗಾಡಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಅದರ ತಳದಿಂದ ನೆಲಕ್ಕಿರುವ ಅಂತರ, 135 ಮಿ.ಮೀ., ಎರಡು ಚಕ್ರದ ನಡುವೆ 1500 ಮಿ.ಮೀ. ಅಂತರ. ನಮ್ಮ ಒಂಬತ್ತು ದಿಣ್ಣೆಗಳಲ್ಲಿ ನಾಲ್ಕು 150 ಮಿ.ಮೀ. ಮೇಲಿದ್ದವು. ಅವನ್ನು ಓರೆಯಾಗಿ ದಾಟಬೇಕು, ಓರೆಯಾಗಿ ದಾಟುವುದೆಂದರೆ ಒದ್ದೆ ಮಣ್ಣಿನಲ್ಲಿ ನಿಧಾನಕ್ಕೆ ಹ್ಯಾಂಡಲ್ ತಿರುಗಿಸುವುದು. ಮತ್ತೆ ಅದೇ ಕಥೆ. ಇಂಥ ಕ್ರೂಸರ್ ಮಾದರಿಯ ಬೈಕಿನಲ್ಲಿ ಕಾಲು ಮುಂದೆ ಚಾಚಿರುವುದರಿಂದ ಗುಂಡಿ ಬಂದಾಗ ಸೀಟಿನಿಂದ ಎದ್ದು ಮೈ ಹಗುರ ಮಾಡಿಕೊಳ್ಳಲೂ ಆಗುವುದಿಲ್ಲ, ಪೆಟ್ಟೆಲ್ಲ ನೇರ ಬೆನ್ನುಹುರಿಗೆ.

ನನ್ನನ್ನು ನಿಜವಾಗಿ ತಡೆದದ್ದು ಮಾತ್ರ ಇದ್ಯಾವುದೂ ಅಲ್ಲ, ಆನೆ. ನಮ್ಮ ಕಡೆ ತೋಟಗಳಲ್ಲಿ ಆನೆ ಓಡಾಡುವುದು ಈಗ ದಿನನಿತ್ಯದ ಮಾತು. ಸಂಜೆ ಹೊರಡುವ ಮುಂಚೆ ಯಾವ ಕಡೆ ಇವೆ ಅಂತ ಫೋನಿನಲ್ಲಿ ವಿಚಾರಿಸಿಕೊಂಡೇ ಹೊರಡುತ್ತೇವೆ. ತಿರುವಿನಲ್ಲಿ ಕಂಡರೆ ಮಾಡಬೇಕಾದ್ದು ಒಂದೇ ಕೆಲಸ, ಸದ್ದಿಲ್ಲದೆ ಗಾಡಿ ತಿರುಗಿಸಿ ಬಂದ ದಾರಿಯಲ್ಲಿ ವಾಪಸ್ ಹೋಗುವುದು. ಹತ್ತಡಿ ಅಗಲದ ತೋಟದ ರಸ್ತೆಯಲ್ಲಿ ಹಗಲು ಹೊತ್ತಿನಲ್ಲಿ ಅದನ್ನೇ ಅಭ್ಯಾಸ ಮಾಡಿ ನೋಡಿದೆ. ನನ್ನ ಹಳೇ ಬೈಕು ಒಂದು ಸಲ ಹಿಂದೆ ಮುಂದೆ ಮಾಡಿದರೆ ತಿರುಗಿತು. 650 ತಿರುಗಿಸಲು ಐದು ಸಲ ಹಿಂದೆ ಮುಂದೆ ಮಾಡಬೇಕಾಯಿತು, ನನ್ನ ಮಗಳು ಗಡಿಯಾರ ಹಿಡಿದು ನಿಂತಿದ್ದಳು. ಒಂದು ನಿಮಿಷ ಹತ್ತು ಸೆಕೆಂಡು. ಹಿಂದೆ ಅವಳು ಕೂತಿದ್ದರೆ ಇನ್ನೂ ಹೆಚ್ಚು. ಅಲ್ಲಿಗೆ ನನ್ನ ಮನಸ್ಸು ಇಳಿಯಿತು.

ಆಮೇಲೆ ಲೆಕ್ಕ ಹಾಕಿದೆ. ಹಿಂದಿನ ಎರಡು ತಿಂಗಳಲ್ಲಿ ಬೈಕಿನಲ್ಲಿ ಎಲ್ಲೆಲ್ಲಿ ಹೋಗಿದ್ದೆ ಅಂತ ನೆನಪಿಸಿಕೊಂಡು ಬರೆದರೆ, ತೊಂಬತ್ತು ಚಿಲ್ಲರೆ ಓಡಾಟದಲ್ಲಿ ದೊಡ್ಡ ರಸ್ತೆಯ ದೂರ ಪಯಣ ಬರೀ ನಾಲ್ಕು. ಉಳಿದದ್ದೆಲ್ಲ ಆಲ್ದೂರು, ಬಾಳೆಹೊನ್ನೂರು ರಸ್ತೆ, ತೋಟ, ಶಾಲೆ.

ದುಡ್ಡಿನ ಮಾತು ಕಡೆಗೆ ಬಂತು, ಅದೂ ಅದೇ ದಿನಗಳಲ್ಲಿ ಬದಲಾಯಿತು. ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಮೇಲ್ಪಟ್ಟವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು 40ಕ್ಕೆ ಏರಿತು. ತೆರಿಗೆಗೆ ಮುಂಚೆ ನೂರು ರೂಪಾಯಿ ಅಂದುಕೊಂಡರೆ, ಸಣ್ಣದು 128ರಿಂದ 118ಕ್ಕೆ ಬಂತು, ದೊಡ್ಡದು 131ರಿಂದ 140ಕ್ಕೆ ಹೋಯಿತು. ಇದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ ಬೇರೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 150ರಿಂದ 350 ಸಿ.ಸಿ.ವರೆಗೆ 7,365 ರೂಪಾಯಿ, 350 ದಾಟಿದರೆ 15,117. ಲೈಸೆನ್ಸ್ ಮಾತ್ರ ಎರಡಕ್ಕೂ ಒಂದೇ, ಗೇರ್ ಇರುವ ಮೋಟಾರ್‌ಸೈಕಲ್ಲಿನದು. ಎಂಟು ದಿನ ಅಭ್ಯಾಸವಿಲ್ಲದ ಯಾರು ಬೇಕಾದರೂ 241 ಕೆ.ಜಿ. ಗಾಡಿ ಹತ್ತಿ ಹೊರಡಬಹುದು ಅನ್ನುವುದು ನನಗೆ ಸರಿಯೆನಿಸುವುದಿಲ್ಲ.

ಹತ್ತನೇ ದಿನ ತಮ್ಮ ಬಂದ. ಗೀರು ತೋರಿಸಿ, ಸರಿಮಾಡಿಸಿ ಕೊಡ್ತೀನಿ ಅಂದೆ. "ಬಿಡಕ್ಕ, ನಾನು ಮೂರ್ ಸಲ ಬೀಳ್ಸಿದೀನಿ, ಮೂರೂ ಸಲ ನಿಲ್ಸೋವಾಗ್ಲೇ" ಅಂದ. ಅತ್ತೆಯವರು ಒಳಗಿಂದ, "ಯೆಜ್ಡಿ ಓಡಿಸ್ದೋರ ಮಗಳಮ್ಮ ನೀನು, ಬೇಕು ಅನ್ಸಿದ್ರೆ ತಗೋ" ಅಂದರು. ಅವರು ಹಾಗನ್ನುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ, ಕಣ್ಣು ತುಂಬಿತು. ಆದರೂ ಬೇಡ ಅಂದೆ.

ಅಕ್ಟೋಬರಿನಲ್ಲಿ ಮೀಟಿಯರ್ 350 ಬುಕ್ ಮಾಡಿದೆ. 191 ಕೆ.ಜಿ., ಸೀಟು 765 ಮಿ.ಮೀ., ಗ್ರೌಂಡ್ ಕ್ಲಿಯರೆನ್ಸ್ 170. ಅಂಗಾಲು ಪೂರ್ತಿ ಊರದಿದ್ದರೂ ಮುಕ್ಕಾಲು ಊರುತ್ತದೆ. ಬುಕ್ ಮಾಡುವ ಮುಂಚೆ ಆಲ್ದೂರಿನಲ್ಲಿ ಒಬ್ಬರ ಗಾಡಿಯನ್ನು ಅರ್ಧ ದಿನ ಕೇಳಿ ತಂದು, ನಮ್ಮ ದಿಣ್ಣೆಗಳ ಮೇಲೆ ಓಡಿಸಿ, ಶೆಡ್ಡಿನಿಂದ ಹಿಂದಕ್ಕೆ ಎಳೆದು, ತೋಟದ ರಸ್ತೆಯಲ್ಲಿ ತಿರುಗಿಸಿ ನೋಡಿದೆ. ಎರಡು ಸಲ ಹಿಂದೆ ಮುಂದೆ, ಮೂವತ್ತು ಸೆಕೆಂಡಿನೊಳಗೆ. ಅಂಗಳದಲ್ಲಿ ಬೇಕೆಂದೇ ಗೋಣಿಚೀಲಗಳ ಮೇಲೆ ಮೆಲ್ಲಗೆ ಮಲಗಿಸಿ ಎತ್ತಿಯೂ ನೋಡಿದೆ, ಅವರ ಒಪ್ಪಿಗೆ ಪಡೆದೇ. ಒಬ್ಬಳೇ ಎತ್ತಿದೆ. ಪಾಚಿಗೆ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿದ್ದು ಆಮೇಲೆ.

ಕುಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಹಾಸನಕ್ಕೆ ಹೋಗಿದ್ದೆ. ತಮ್ಮ ನನ್ನ ಗಾಡಿ ಇಟ್ಟುಕೊಂಡು ತನ್ನ ಕೀಲಿಕೈ ಕೊಟ್ಟ. ಸಕಲೇಶಪುರದವರೆಗೆ ಹೋಗಿಬಂದೆ, ಸುಮಾರು 80 ಕಿ.ಮೀ. ಒಂದೇ ಗೇರಿನಲ್ಲಿ ಎಷ್ಟೋ ಹೊತ್ತು, ಮನಸ್ಸು ತುಂಬುವಷ್ಟು. ವಾಪಸ್ ಬಂದು ಅವನ ಮನೆ ಮುಂದೆ ಸಪಾಟು ಜಾಗ ನೋಡಿ ನಿಲ್ಲಿಸಿದೆ. ಗೇಟಿನೊಳಕ್ಕೆ ಹಿಂದೆ ಹಿಂದೆ ತಳ್ಳಿಕೊಂಡು ಹೋಗಿದ್ದು ಅವನೇ.